ಅಕ್ಕನ ಹೆಸರಿನ ಪುಸ್ತಕ

ಮೊನ್ನೆ ನನ್ನ ಗಂಟಲು ನೋವಿಗೆಂದು ಸೊಸೆ ಅಳಲೆಕಾಯಿ ಜಜ್ಜಿ ಕುದಿಸುತ್ತಿದ್ದಳು. ಆ ಒಗರು ವಾಸನೆ ಮೂಗಿಗೆ ಬಿದ್ದದ್ದೇ ತಡ, ಸಾಲಿಗ್ರಾಮದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ಕಣ್ಣೆದುರು ಬಂದರು. ಅಳಲೆಕಾಯಿ ಕುದಿಸಿಯೇ ಅವರು ಬರೆಯಲು ಮಸಿ ಮಾಡಿಕೊಳ್ಳುತ್ತಿದ್ದರು...

ನಾನು ಮದುವೆಯಾಗಿ ಆ ಬೀದಿಗೆ ಬಂದಾಗ ಇನ್ನೂ ಮಹಾರಾಜರ ಕಾಲ. ನಮ್ಮಂಥ ಬೇಸಾಯದ ಮನೆಗಳಲ್ಲಿ ಓದು ಬಲ್ಲ ಹೆಂಗಸರೇ ಅಪರೂಪ. ಅಕ್ಕ ತವರಿನಲ್ಲಿ ಅಣ್ಣನ ಪಕ್ಕ ಕೂತು ಅಕ್ಷರ ಕಲಿತಿದ್ದರು. ನನಗೆ ಕಲಿಸಿದವರೂ ಅವರೇ. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ದೇವರಿಗೆ ಕೈಮುಗಿದು ಬರೆಯಲು ಕೂರುತ್ತಿದ್ದರು. ತಾನು ಬರೆದ ಕಥೆ ಅಚ್ಚಾಗಬೇಕು, ಅದೊಂದೇ ಅವರ ಆಸೆ. ಸಂಜೆ ಜಗುಲಿಯಲ್ಲಿ ನನಗೂ ಅವರ ಅತ್ತೆಗೂ ಓದಿ ಹೇಳುವರು. ಹೆಂಗಸು ಮಸಿ ಮುಟ್ಟಿದರೆ ಮನೆಗೆ ಒಳ್ಳೆಯದಲ್ಲವೆಂದು ಅತ್ತೆ ಮೊದಮೊದಲು ಗೊಣಗುತ್ತಿದ್ದರು. ಆಮೇಲಾಮೇಲೆ ಅವರೇಕಾಯಿ ಸುಲಿಯುವುದನ್ನೂ ಮರೆತು ಕೇಳತೊಡಗಿದರು.

ಕಥೆ ಮುಗಿದಾಗ ಅಕ್ಕನ ಗಂಡ ಬೆಲ್ಲದ ಗಾಡಿಯಲ್ಲಿ ಅದನ್ನೂ ಮೈಸೂರಿಗೆ ಒಯ್ದು ಒಂದು ಅಚ್ಚುಕೂಟದಲ್ಲಿ ಕೊಟ್ಟು ಬಂದರು. ಬಹಳ ದಿನ ಸುದ್ದಿಯಿಲ್ಲ. ವಿಚಾರಿಸಲು ಹೋದಾಗ, ಕಥೆಯೇನೋ ಚೆನ್ನಾಗಿದೆ, ಆದರೆ ಹಳ್ಳಿ ಹೆಂಗಸಿನ ಹೆಸರಿದ್ದರೆ ಯಾರೂ ಕೊಳ್ಳುವುದಿಲ್ಲ, ನಿಮ್ಮ ಹೆಸರು ಹಾಕುವುದಾದರೆ ಅಚ್ಚು ಮಾಡುತ್ತೇವೆ ಎಂದರಂತೆ. ಅಕ್ಕನ ಗಂಡ ಬಂದು ಇದನ್ನು ಹೇಳಿದಾಗ ನಾನೂ ಅಲ್ಲೇ ಇದ್ದೆ. ಅಕ್ಕ ತಲೆ ತಗ್ಗಿಸಿ ಕೂತರು. ಹಾಗೇ ಆಗಲಿ ಎಂದುಬಿಡುತ್ತಾರೇನೋ ಎಂದು ನನಗೆ ಭಯ. ಅಷ್ಟರಲ್ಲಿ ಅತ್ತೆ ಮಗನ ಕಡೆ ತಿರುಗಿದರು.

"ಬರ್ದೋಳು ಅವ್ಳು ಕಣ್ಲಾ. ನಿನ್ ಎಸ್ರು ಯಾಕ್ ಆಕ್ಬೇಕು? ಓಗಿ ಈಸ್ಕೊಂಡು ಬಾ."

ಕಥೆ ಮನೆಗೆ ವಾಪಸ್ಸು ಬಂತು. ಇನ್ನೇನು ಮಾಡುತ್ತೀರಿ ಎಂದು ನಾನು ಕೇಳಿದರೆ ಅಕ್ಕ ನಕ್ಕರು.

"ದೇವ್ರು ಬರಿಯೋ ಕೈ ಕೊಟ್ಟವ್ನೆ. ಓದೋ ಕಣ್ಣೂ ಎಲ್ಲೋ ಮಡಗಿರ್ತಾನೆ ಕಣವ್ವ."

ಮತ್ತೆ ಮೊದಲಿಂದ ತಿದ್ದಿ ಬರೆದರು. ಸುಗ್ಗಿಗಳು ಬಂದು ಹೋದವು. ಬೇರೆ ಕಡೆಯಿಂದಲೂ ಬೇಡವೆಂಬ ಮಾತೇ ಬಂತು. ಕೊನೆಗೆ ಮೈಸೂರಿನ ಒಬ್ಬ ಮುದ್ರಕರು ಅದನ್ನು ಮನೆಗೆ ಒಯ್ದು ಹೆಂಡತಿಯಿಂದ ಓದಿಸಿದರಂತೆ. ಓದಿ ಮುಗಿಸುವವರೆಗೆ ಆಕೆ ಕೆಳಗಿಡಲೇ ಇಲ್ಲವಂತೆ. ಬರೆದವರ ಹೆಸರಿನಲ್ಲೇ ಇದು ಬರಬೇಕು ಎಂದು ಆಕೆಯೇ ಪಟ್ಟು ಹಿಡಿದರಂತೆ...

ಪುಸ್ತಕ ಮನೆಗೆ ಬಂದ ದಿನ ಬೀದಿಗೆಲ್ಲ ಪಾಯಸ. ಅಕ್ಷರ ಬಾರದ ಅತ್ತೆ ರಟ್ಟಿನ ಮೇಲೆ ಬೆರಳಾಡಿಸುತ್ತ, ನಿನ್ನ ಹೆಸರು ಎಲ್ಲಿದೆ ಎಂದು ಸೊಸೆಯನ್ನು ಕೇಳಿದರು. ಅಕ್ಕ ಆ ಬೆರಳನ್ನು ಹಿಡಿದು ತೋರಿಸಿದರು. ಬಹಳ ಹೊತ್ತು ಇಬ್ಬರೂ ಕೈ ತೆಗೆಯಲಿಲ್ಲ.

ಆಮೇಲೆ ಇನ್ನೊಂದು ಪುಸ್ತಕವೂ ಬಂತು. ಮೂರನೆಯದನ್ನು ಬರೆಯುತ್ತಿದ್ದಾಗ ಜ್ವರ ಹಿಡಿದು ಅಕ್ಕ ಹೊರಟುಹೋದರು. ಅರ್ಧದವರೆಗೆ ನನಗೆ ಓದಿ ಹೇಳಿದ್ದರು. ಮುಂದೇನು ಎಂದು ಕೇಳಿದ್ದಕ್ಕೆ, ನಾಳೆ ಹೇಳುತ್ತೇನೆ ಎಂದಿದ್ದರು. ಈಗ ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನಾನೇ ಆ ಕಥೆಗೊಂದು ಕೊನೆ ಕಟ್ಟಿ ನೋಡುತ್ತೇನೆ. ಚೆನ್ನಾಗಿಯೇ ಇರುತ್ತದೆ. ಆದರೆ ಅಕ್ಕ ಹೇಳಬೇಕೆಂದಿದ್ದ ಕೊನೆ ಅದಲ್ಲ...