ಮಹಾದೇವಿಯ ‘ಹೀ’ ಯಾರು?

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಗಳ ಭರಾಟೆ. ಗಂಡನ ಕೆಲಸಕ್ಕೆಂದು ಮೈಸೂರಿನಿಂದ ಅಲ್ಲಿಗೆ ಹೋಗಿದ್ದ ನಾನು, ಮನೆಯಲ್ಲಿ ಕೂತು ಬೇಸರವಾಗಿ ಹಿಮಾಯತ್‌ನಗರದ ಸ್ಪೋಕನ್ ಇಂಗ್ಲಿಷ್ ಕ್ಲಾಸೊಂದರಲ್ಲಿ ಪಾಠ ಹೇಳುತ್ತಿದ್ದೆ. ಕೆಲಸ ಹುಡುಕುವವರ ಜೊತೆ ತಾಯಂದಿರೂ ಬರುತ್ತಿದ್ದರು. ಮಗುವಿಗೆ ಒಳ್ಳೆಯ ಶಾಲೆಯಲ್ಲಿ ಸೀಟು ಬೇಕೆಂದರೆ ಅಪ್ಪ ಅಮ್ಮನನ್ನೂ ಇಂಗ್ಲಿಷಿನಲ್ಲಿ ಸಂದರ್ಶಿಸುತ್ತಿದ್ದ ಕಾಲ ಅದು.

ಅವರಲ್ಲೊಬ್ಬರು ಬಾಗಲಕೋಟೆ ಕಡೆಯ ಮಹಾದೇವಿ. ಗಂಡ ನಾಚಾರಂನ ಕಾರ್ಖಾನೆಯಲ್ಲಿ ಫಿಟ್ಟರ್. ಮಗಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿಯೇ ತೀರುವೆನೆಂದು ಹಟ ತೊಟ್ಟಿದ್ದರು.

ಸರ್ವನಾಮದ ಪಾಠದ ದಿನ, “ಮೊದಲು ಹೆಸರು ಹೇಳಿ, ಆಮೇಲೆ ಹೀ, ಶೀ. ಇಲ್ಲದಿದ್ದರೆ ಯಾರ ಮಾತೆಂದು ಕೇಳುವವರಿಗೆ ತಿಳಿಯುವುದಿಲ್ಲ” ಎಂದಿದ್ದೆ. ಮನೆಯವರ ಬಗ್ಗೆ ಮಾತಾಡಿ ಎಂದಾಗ ಮಹಾದೇವಿ ಎದ್ದು, “ಹೀ ಈಸ್ ಫಿಟ್ಟರ್. ಹೀ ಲೈಕ್ಸ್ ರೊಟ್ಟಿ” ಎಂದರು.

“ಯಾರ್ರೀ ಹೀ?” ಅಂದೆ.

“ಅವರ್ರಿ.”

“ಅವರು ಅಂದರೆ?”

“ನಮ್ಮನಿಯವರ್ರಿ.”

ಕ್ಲಾಸೆಲ್ಲ ನಕ್ಕಿತು. ಮಹಾದೇವಿ ತಲೆ ತಗ್ಗಿಸಿದರೇ ಹೊರತು ಹೆಸರು ಬಾಯಿಬಿಡಲಿಲ್ಲ.

ನನಗೋ ಕುತೂಹಲ ತಡೆಯಲಿಲ್ಲ. ನಾನು ಮದುವೆಯ ಮಾರನೆ ದಿನದಿಂದಲೇ ಗಂಡನನ್ನು “ಸುರೇಶಾ” ಎಂದು ಕೂಗಿದವಳು. ಕ್ಲಾಸು ಮುಗಿದ ಮೇಲೆ, “ಹೆಸರು ಹೇಳೋಕೆ ಹೆದರಿಕೆಯಾ?” ಎಂದು ಕೇಳಿಯೇಬಿಟ್ಟೆ.

“ಅಂಜಿಕಿ ಯಾಕ್ರಿ ಟೀಚರ್? ಹಾಂಗ ಸುಮ್ಮ ಸುಮ್ಮನ ಹೇಳೂದಿಲ್ರಿ. ಮದುವಿ, ಸೀಮಂತ ಇದ್ದಾಗ ಎಲ್ಲಾರೂ ಸೇರಿ ಭಾಳ ಕಾಡ್ತಾರ. ಆವಾಗ ಒಡಪು ಕಟ್ಟಿ ಹೇಳ್ತೀವ್ರಿ.”

ಒಡಪೆಂದರೆ ಗಂಡನ ಹೆಸರು ಸೇರಿಸಿ ಹೇಳುವ ಪ್ರಾಸದ ಪುಟ್ಟ ಪದ್ಯವೆಂದು ನನಗೆ ಗೊತ್ತಾದದ್ದು ಆಗಲೇ. “ಅದೆಲ್ಲ ಸರಿ. ಸ್ಕೂಲಿನಲ್ಲಿ ಕೇಳಿಯೇ ಕೇಳ್ತಾರೆ. ಬಾಯಿ ಕಟ್ಟಿದರೆ ಮಗಳ ಸೀಟು ಹೋಯಿತು” ಎಂದೆ. ಅವರ ಮುಖ ಸಪ್ಪಗಾಯಿತು.

ಸಂದರ್ಶನದ ವಾರವೇ ಅವರ ಗಂಡನನ್ನು ಕಾರ್ಖಾನೆಯವರು ಪುಣೆಗೆ ಕಳಿಸಬೇಕೇ! ಧೈರ್ಯಕ್ಕೆಂದು ಮಹಾದೇವಿ ನನ್ನನ್ನು ಜೊತೆಗೆ ಕರೆದರು. ಪ್ರಿನ್ಸಿಪಾಲರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತೆ; ಬಾಗಿಲು ತೆರೆದೇ ಇತ್ತು. ಮಗಳ ಹೆಸರು, ಊರು ಎಲ್ಲ ಸರಾಗವಾಗಿ ಹೋಯಿತು. ಆಮೇಲೆ ಪ್ರಿನ್ಸಿಪಾಲ್ ಮೇಡಂ ಇಂಗ್ಲಿಷಿನಲ್ಲಿ ಕೇಳಿದರು: ತಂದೆಯ ಹೆಸರೇನು, ಅವರೇಕೆ ಬಂದಿಲ್ಲ?

ಕೆಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ಮಹಾದೇವಿ ಎದ್ದು ನಿಂತರು. ತಲೆಯ ಮೇಲೆ ಸೆರಗು ಎಳೆದುಕೊಂಡು, ಒಂದೇ ಉಸಿರಿಗೆ ರಾಗವಾಗಿ ಹೇಳಿದರು:

“ಮಿಲ್ಕ್ ಈಸ್ ವೈಟ್, ಟೀ ಈಸ್ ಬ್ರೌನ್,
ಬಸವರಾಜ್ ಈಸ್ ಮೈ ಹಸ್ಬೆಂಡ್, ಹೀ ಈಸ್ ಔಟ್ ಆಫ್ ಟೌನ್!”

ಮೇಡಂ ಕನ್ನಡಕ ತೆಗೆದಿಟ್ಟು ನಕ್ಕರು. “ಒನ್ಸ್ ಮೋರ್!” ಎಂದರು.

“ನೋ ಮೇಡಂ. ಓನ್ಲಿ ಒನ್ ಟೈಮ್” ಎಂದ ಮಹಾದೇವಿಯ ಕೆನ್ನೆ ಮದುಮಗಳ ಕೆನ್ನೆಯಂತೆ ಕೆಂಪಾಗಿತ್ತು.

ಸೀಟು ಸಿಕ್ಕಿತು. ಹೊರಗೆ ಬಂದವರೇ, “ಮೊದಲ ಹೆಸರು, ಆಮ್ಯಾಲ ಹೀ. ಬರೋಬ್ಬರಿ ಆತಲ್ರಿ ಟೀಚರ್?” ಎಂದು ಕೇಳಿದರು. ರೊಟ್ಟಿ ಬಡಿಯುವಾಗೆಲ್ಲ ಅದನ್ನೇ ಕಟ್ಟುತ್ತಿದ್ದರಂತೆ.

ಅಂದು ಸಂಜೆ ನಾನೂ ನನ್ನವರ ಹೆಸರಿಗೊಂದು ಒಡಪು ಕಟ್ಟಲು ಕೂತೆ. ದಿನವಿಡೀ ಕೂಗುವ ಹೆಸರು, ಒಂದು ಪ್ರಾಸವೂ ಹೊಂದಲಿಲ್ಲ. ಆ ಹೆಸರು ಹೇಳುವಾಗ ನನ್ನ ಕೆನ್ನೆ ಎಂದಾದರೂ ಹಾಗೆ ಕೆಂಪಾಗಿತ್ತೇ ಎಂದು ಇಂದಿಗೂ ನೆನಪು ಮಾಡಿಕೊಳ್ಳುತ್ತಲೇ ಇದ್ದೇನೆ.