ಸೈನೈಡ್ ಗುಡ್ಡದ ಮೇಲಿನ ಚುಕ್ಕೆ

"ಉಸ್ರು ಬಿಗಿ ಇಡ್ಕೊಳ್ಲಾ." ಉರಿಗಾಂನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಅಕ್ಕನ ಬಾಯಲ್ಲಿ ದಿನವಿಡೀ ಇದೇ ಮಾತು. ಫೋಟೊ ತೆಗೆಸಿಕೊಳ್ಳುವವರಿಗೂ ಅದೇ, ಸುಮ್ಮನೆ ನಿಂತು ನೋಡುವವರಿಗೂ ಅದೇ.

ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಅಕ್ಕನಿಗೆ ಗಿರಾಕಿಗಳು ಕಮ್ಮಿಯಾದರು. ಆಗಲೇ ನಾನು ಅಪ್ಪನ ಹಳೆಯ ರೀಲ್ ಕ್ಯಾಮೆರಾವನ್ನು ಶುಚಿ ಮಾಡಿಸಲು ಅವಳ ಹತ್ತಿರ ಒಯ್ದದ್ದು. ಅದರ ವ್ಯೂಫೈಂಡರಿಗೆ ಕಣ್ಣಿಟ್ಟರೆ ಊರೆಲ್ಲ ಮಬ್ಬು. ಚಿನ್ನದ ಗಣಿಯವರು ಅದಿರು ಅರೆದು ರಾಶಿ ಹಾಕಿ ಬಿಟ್ಟುಹೋದ ಸೈನೈಡ್ ಗುಡ್ಡದ ಧೂಳು ನಮ್ಮಲ್ಲಿ ಅನ್ನದ ತಟ್ಟೆಯನ್ನೂ ಬಿಡುವುದಿಲ್ಲ.

ಅಕ್ಕ ಫ್ಯಾನ್ ಆರಿಸಿದಳು. ಕಿಟಕಿಗೆ ಒದ್ದೆ ಸೀರೆ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿದಳು. ನಾನು ಬಾಯಿಂದ ಊದಲು ಹೋದಾಗ ಕೈಗೊಂದು ಬಾರಿಸಿದಳು.

"ಎಂಜ್ಲು ತಾಕಿದ್ರೆ ಧೂಳು ಅಂಟ್ಕೊಂತದೆ. ಉಸ್ರು ಬಿಗಿ ಇಡ್ಕೊಳ್ಲಾ!"

ಕ್ಯಾಮೆರಾದ ಮೇಲಿನ ಮುಚ್ಚಳ ಬಿಚ್ಚಿ, ರಬ್ಬರ್ ಬುರುಡೆ ಅದುಮಿ ಗಾಳಿ ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಗಾಜನ್ನು ಮಗುವಿನ ಕೆನ್ನೆಯಂತೆ ನೇವರಿಸಿದಳು.

ಬೀದಿಗೆ ಬಂದು ಕ್ಯಾಮೆರಾಗೆ ಕಣ್ಣಿಟ್ಟು ಗುಡ್ಡದತ್ತ ನೋಡಿದೆ. "ಅಕ್ಕಾ, ಒಂದು ಕಪ್ಪು ಚುಕ್ಕೆ ಅಂಗೇ ಐತೆ."

ಅಕ್ಕಪಕ್ಕದವರು ಮುಖ ಮುಖ ನೋಡಿಕೊಂಡರು. "ಪಾಪ, ಅಕ್ಕನ ಕಣ್ಣು ಮೊದಲಿನಂಗಿಲ್ಲ," ಎಂದರು ಯಾರೋ.

ಅಕ್ಕ ತಾನೂ ಒಮ್ಮೆ ಇಣುಕಿ, ಕ್ಯಾಮೆರಾ ನನಗೇ ಕೊಟ್ಟಳು. "ಪಕ್ಕಕ್ಕೆ ತಿರುಗ್ಸು. ಧೂಳಾದ್ರೆ ಜೊತೆಗೇ ಬತ್ತದೆ."

ತಿರುಗಿಸಿದೆ. ಚುಕ್ಕೆ ಜೊತೆಗೆ ಬರಲಿಲ್ಲ. ಗುಡ್ಡದ ಮೇಲೆಯೇ ಉಳಿದು, ಆಮೇಲೆ ಕುಪ್ಪಳಿಸುತ್ತ ಕೆಳಗಿಳಿಯಿತು.

"ಮೇಕೆ ಕಣ್ಲಾ ಅದು! ಆಪರೇಷನ್ನು ನಿನಗೆ ಮಾಡಿಸ್ಬೇಕು!"

ಬೀದಿಯೆಲ್ಲ ನಕ್ಕಿತು. ಅಕ್ಕ ಹೊಸ ರೀಲು ಹಾಕಿ, ಪಾಪ ಅಂದವರನ್ನೇ ಮುಂದಿನ ಸಾಲಿಗೆ ಎಳೆದು ನಿಲ್ಲಿಸಿದಳು. ಯಾರೂ ಮಿಸುಕಲಿಲ್ಲ. ಕ್ಲಿಕ್.

"ಈಗ ಬಿಡ್ರಪ್ಪಾ ಉಸ್ರು."