ನನ್ನ ಸೊಸೆ, ಕತ್ತು ಮುರಿದ ಲ್ಯಾಪ್‌ಟಾಪು

ನನ್ನ ಸೊಸೆಯ ಬಲಗೈ ನಡುಬೆರಳು ಈಗ ಪೂರ್ತಿ ಮಡಚುವುದಿಲ್ಲ. ಅದನ್ನು ಮುರಿದವನು ನನ್ನ ಮಗ. ಮೊದಲೇ ಹೇಳಿಬಿಟ್ಟರೆ ಉಳಿದದ್ದು ಹೇಳುವುದು ಸುಲಭ.

ಅವಳು ಲ್ಯಾಪ್‌ಟಾಪ್ ರಿಪೇರಿ ಮಾಡುವವಳು. ಬಸ್ ನಿಲ್ದಾಣದ ಹಿಂದಿನ ಅಂಗಡಿಯಲ್ಲಿ ಒಂಬತ್ತು ವರ್ಷ ಕೂತಳು. ಗಿರಾಕಿಗಳು ಡಾಕ್ಟ್ರಮ್ಮ ಅನ್ನುತ್ತಿದ್ದರು. ಮೊದಲು ಯಂತ್ರ ಬಿಚ್ಚುತ್ತಿರಲಿಲ್ಲ, ತಂದವರನ್ನು ಕೇಳುತ್ತಿದ್ದಳು: "ಬಿತ್ತಾ, ಬೀಳಿಸಿದ್ರಾ, ಬಡಿದ್ರಾ?" ಎಲ್ಲರೂ ತಾನಾಗೇ ಹಾಳಾಯ್ತು ಅನ್ನುತ್ತಿದ್ದರಂತೆ.

ಮಗ ಅವಳಿಗೆ ಮೊದಲು ಹೊಡೆದದ್ದು ಮದುವೆಯಾದ ಐದನೇ ತಿಂಗಳು, ಊಟದ ತಟ್ಟೆಯಿಂದ. ಹುಬ್ಬು ಸೀಳಿ ರಕ್ತ ಸೀರೆಗೆ ಇಳಿಯಿತು. ನಾನು ಬಟ್ಟೆ ಒತ್ತಿ ಹಿಡಿದು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣೇ" ಅಂದೆ.

"ಉಣ್ಣೋ ತಟ್ಟೇಲೇ ಹೊಡೆದ್ರಲ್ಲ ಅತ್ತೆ, ಇನ್ನು ಯಾವುದ್ರಲ್ಲಿ ಉಣ್ಣೋದು?" ಅಂದಳು.

ನನ್ನ ಗಂಡನೂ ನನಗೆ ಇಪ್ಪತ್ತಾರು ವರ್ಷ ಹೊಡೆದ. ಸತ್ತ ಮೇಲೆ ನಿಂತಿತು. ಅದಕ್ಕೇ ಇದೂ ಒಂದು ಕಾಯಿಲೆ, ಕಾದರೆ ಹೋಗುತ್ತದೆ ಎಂದುಕೊಂಡಿದ್ದೆ. ಅದು ನನ್ನ ತಪ್ಪು. ಐದು ವರ್ಷ ಕಾದೆ. ಆರನೇ ವರ್ಷ ಅವನು ಮೂರು ವರ್ಷದ ಮಗಳನ್ನು ತೋಳು ಹಿಡಿದು ಗೋಡೆಗೆ ಎಸೆದ. ಕೂಸಿನ ಭುಜ ಕಳಚಿತು. ಅವತ್ತೇ ಸೊಸೆ ಮಗುವನ್ನೆತ್ತಿಕೊಂಡು ಹೊರಟಳು. ಹೊಸಿಲ ಮೇಲೆ ನಿಂತು, "ನೀವು ಬರ್ತೀರಾ, ಇರ್ತೀರಾ?" ಅಂದಳು. ನಾನು ಚಪ್ಪಲಿ ಮೆಟ್ಟಿಕೊಂಡೆ.

ಊರಿನ ಇನ್ನೊಂದು ತುದಿಯಲ್ಲಿ ಒಂದು ಕೋಣೆ ಹಿಡಿದೆವು. ಅವನು ಅವಳ ಹತ್ತಿರ, ಮಗುವಿನ ಹತ್ತಿರ ಸುಳಿಯಬಾರದು ಎಂದು ಕೋರ್ಟು ಆರು ತಿಂಗಳಿಗೆ ಆದೇಶ ಕೊಟ್ಟಿತು. ಕಾಗದ ಕೈ ತಡೆಯುತ್ತದೆಯೇ? ಅಂಗಡಿಗೆ ಬಂದು ಗಾಜು ಒಡೆದ. ಮಾಲೀಕರು "ಕೇಸು ಮುಗಿಯೋ ತನಕ ಬರ್ಬೇಡ ತಾಯಿ" ಎಂದು, ಗುಜರಿಗೆ ಹಾಕಬೇಕಿದ್ದ ಒಂದು ಹಳೇ ಲ್ಯಾಪ್‌ಟಾಪು ಕೊಟ್ಟು ಕಳಿಸಿದರು. ಕೋರ್ಟಿನ ಮೆಟ್ಟಿಲ ಮೇಲೆ ಅವಳ ಜಡೆ ಹಿಡಿದು ಎಳೆದಾಡಿದ. ಆಮೇಲೆ ನ್ಯಾಯಾಧೀಶರು, ನೀನು ಮನೆಯಿಂದಲೇ ವಿಡಿಯೋದಲ್ಲಿ ಹಾಜರಾಗಮ್ಮ ಎಂದರು. ಹಿಂದಿನ ತಾರೀಖಿಗೆ ಕರೆಂಟು ಹೋಗಿ ಹಾಜರಾಗಲು ಆಗಲಿಲ್ಲ. ವಕೀಲರು ಹೇಳಿಬಿಟ್ಟಿದ್ದರು: "ಈ ಸಲ ಹನ್ನೊಂದೂವರೆಗೆ ಕೂಗಿದಾಗ ಕಾಣಿಸಲೇಬೇಕು. ಇಲ್ಲಾಂದ್ರೆ ಆದೇಶ ಬಿದ್ದುಹೋಗುತ್ತೆ. ಮಗು ಅಪ್ಪನ ಕೈಗೆ."

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಮಗ ಬಂದು ಬಾಗಿಲು ಒದ್ದ. ಚಿಲಕ ಕಿತ್ತು ಒಲೆಯ ತನಕ ಹಾರಿತು. ಎರಡೂ ಫೋನನ್ನು ಬಕೆಟ್ಟಿನ ನೀರಿಗೆ ಹಾಕಿದ. ಲ್ಯಾಪ್‌ಟಾಪು ತೆರೆದಿತ್ತು, ಸೊಸೆ ಅದರ ಅಂಚು ಹಿಡಿದಳು. ಅವನು ಮುಚ್ಚಳವನ್ನು ಅವಳ ಬೆರಳಿನ ಮೇಲೆ ಎರಡು ಸಲ ಬಡಿದ. ಮೂರನೇ ಸಲ ಮೊಣಕಾಲು ಊರಿ ಒತ್ತಿದ. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ನಾನು ಬಿಂದಿಗೆ ಎತ್ತಿ ಅವನ ಬೆನ್ನಿಗೆ ಬಾರಿಸಿದೆ. ತಿರುಗಿ ನನ್ನನ್ನು ತಳ್ಳಿದ, ತಲೆ ಮಂಚದ ಕಾಲಿಗೆ ಬಡಿಯಿತು. ಲ್ಯಾಪ್‌ಟಾಪನ್ನು ಗೋಡೆಗೆ ಬೀಸಿ ಒಗೆದು, "ಈಗ ಜಡ್ಜ್‌ಗೆ ಯಾವ ಮುಖ ತೋರಿಸ್ತೀಯೋ ತೋರ್ಸು" ಎಂದು ಹೋದ. ಕೂಸು ಮಂಚದ ಕೆಳಗಿತ್ತು.

ಎದುರು ಮನೆಯವಳ ಹತ್ತಿರ ಫೋನು ಕೇಳಿದೆ. "ನಮಗ್ಯಾಕಜ್ಜಿ ನಿಮ್ಮ ಗೊಡವೆ? ನಾಳೆ ನನ್ನ ಬಾಗಿಲೂ ಒದೀತಾನೆ" ಎಂದು ಬಾಗಿಲು ಹಾಕಿಕೊಂಡಳು. ಬೀದಿಯ ಕೊನೆಗೆ, ಹಿಟ್ಟಿನ ಗಿರಣಿಯ ಮುಂದೆ ಅವನ ಬೈಕು ನಿಂತಿತ್ತು. ಹೊರಗೆ ಹೋಗುವ ಹಾಗಿರಲಿಲ್ಲ. ಒಳಗೆ ಬಂದು, ಕೂಸನ್ನು ಒಲೆಯ ಮೂಲೆಗೆ ಕೂರಿಸಿ, ಮಂಚವನ್ನು ಬಾಗಿಲಿಗೆ ಅಡ್ಡ ತಳ್ಳಿದೆ.

ಸೊಸೆ ಮುರಿದ ಬೆರಳು ಅಲುಗದ ಹಾಗೆ ಪಕ್ಕದ ಬೆರಳಿನ ಜೊತೆ ಚಮಚ ಸೇರಿಸಿ ನನ್ನಿಂದ ಕಟ್ಟಿಸಿಕೊಂಡಳು. "ನನ್ನ ಕೈ ಹೋಯ್ತು. ಇವತ್ತು ನಿಮ್ಮ ಕೈ ಬೇಕು."

"ನನಗೇನು ಬರುತ್ತೆ ಕಣೇ ಇದೆಲ್ಲ?"

"ಅಕ್ಕೀಲಿ ಕಲ್ಲು ಆರಿಸ್ತೀರಲ್ಲ, ಅಷ್ಟೇ."

ಗುಂಡಿ ಒತ್ತಿದೆ. ಲ್ಯಾಪ್‌ಟಾಪಿನ ದೀಪ ಹತ್ತಿತು, ಒಳಗಿನ ಫ್ಯಾನು ಒಂದು ಸುತ್ತು ತಿರುಗಿ ಸತ್ತಿತು. ಚಾರ್ಜರ್ ಕೀಳಿ, ಬ್ಯಾಟರಿ ತೆಗೀರಿ, ಈಗ ಅದೇ ಗುಂಡಿಯನ್ನು ಮೂವತ್ತು ಎಣಿಸೋ ತನಕ ಒತ್ತಿ ಹಿಡೀರಿ ಅಂದಳು.

"ಹೆಣದ ಮೂಗು ಹಿಂಡಿದ್ರೆ ಏಳುತ್ತೇನೇ?"

"ಒಳಗೆ ಉಳಿದ ಕರೆಂಟು ಇಳೀಲಿ. ಎಣಿಸಿ ಅತ್ತೆ."

ಎಣಿಸಿದೆ. ಆಮೇಲೆ ಬೆನ್ನಿನ ಏಳು ಸ್ಕ್ರೂ ಬಿಚ್ಚಿದೆ. ಒಳಗೆ ಬಾಚಣಿಗೆಯಷ್ಟು ಉದ್ದದ ಹಸಿರು ಪಟ್ಟಿ. ಅದು ಯಂತ್ರದ ನೆನಪು ಅಂದಳು, ಗೋಡೆಗೆ ಬಡಿದ ಏಟಿಗೆ ಸಡಿಲವಾಗಿತ್ತು. ಅದರ ಹಳದಿ ಹಲ್ಲುಗಳನ್ನು ಕೂಸಿನ ರಬ್ಬರಿನಿಂದ ಉಜ್ಜಿ, ಟಕ್ ಅನ್ನುವ ತನಕ ಒತ್ತಿ ಕೂರಿಸಿದೆ. ಬ್ಯಾಟರಿ ಹಾಕಿ ಗುಂಡಿ ಒತ್ತಿದೆ. ಫ್ಯಾನು ನಿಲ್ಲಲಿಲ್ಲ. ಪರದೆಯ ಮೂಲೆ ಸೀಳಿತ್ತು, ಆದರೂ ಬೆಳಕು ಬಂತು. ಒಳಗಿನ ಚಿಕ್ಕ ಸೆಲ್ಲು ಸತ್ತಿದ್ದರಿಂದ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು.

"ಇದನ್ನ ಸರಿ ಮಾಡದಿದ್ರೆ ಕೋರ್ಟಿನ ಪುಟ ತೆರೆಯಲ್ಲ," ಅಂದಳು. ಆಮೇಲೆ ಆ ತಾರೀಖನ್ನು ನೋಡಿ, "ಅಲ್ಲೇ ಇದ್ದುಬಿಡೋಣ್ವಾ ಅತ್ತೆ? ಆ ವರ್ಷ ನನಗಿನ್ನೂ ಮದುವೆ ಆಗಿರ್ಲಿಲ್ಲ" ಅಂದಳು.

ತಾರೀಖು ಹಾಕಿದೆ. ಆದರೆ ವೈಫೈ ಒಂದೂ ಕಾಣಲಿಲ್ಲ. ಪಕ್ಕದಲ್ಲಿ ಅದನ್ನು ಹಚ್ಚುವ ಅಕ್ಕಿ ಕಾಳಿನಷ್ಟು ಗುಂಡಿಯಿತ್ತು, ಬಿದ್ದಾಗ ಸರಿದಿತ್ತು. ಉಗುರಿನಿಂದ ದೂಡಿದೆ. ಆಗಲೂ ಇಲ್ಲ. ಸೊಸೆ ಮುಚ್ಚಳದ ಮುರಿದ ಕೀಲನ್ನು ನೋಡಿದಳು. ಗಂಟೆ ಹನ್ನೊಂದು.

"ಆರಿಸಿ. ಮತ್ತೆ ಬಿಚ್ಚಿ. ಅಲ್ಲಿ ವೈಫೈ ಹಿಡಿಯೋ ಎರಡು ವಯರಿದೆ ನೋಡಿ, ಕಪ್ಪು ಬಿಳಿ."

"ವಯರ್‌ಲೆಸ್ ಅಂತೀರಿ, ವಯರಿದೆಯಲ್ಲೇ!"

"ಕೀಲಿನೊಳಗಿಂದ ಹೋಗಿ ಪರದೆ ಸುತ್ತ ಹಾಯುತ್ತೆ. ಮುಚ್ಚಳ ಬಡಿದಾಗ ಕಪ್ಪು ತುಂಡಾಗಿದೆ. ಅದನ್ನ ಕಿತ್ತು, ಬಿಳೀದನ್ನ ಅದರ ಜಾಗಕ್ಕೆ ಒತ್ತಿ."

ಅದರ ತಲೆ ಸಾಸಿವೆಯಷ್ಟು. ನಾಲ್ಕು ಸಲ ಜಾರಿತು. ತಲೆಯ ಗಾಯದಿಂದ ರಕ್ತ ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಂಡೆ. ಐದನೇ ಸಲ ಕೂತಿತು. ಒಂದೇ ಒಂದು ಗೆರೆ ವೈಫೈ ಬಂತು, ಅದೂ ಕೋಣೆಯ ವೈಫೈ ಪೆಟ್ಟಿಗೆಯ ಕೆಳಗೇ ಹಿಡಿದರೆ. ಆ ಪೆಟ್ಟಿಗೆ ಇದ್ದದ್ದು ಬಾಗಿಲಿನ ನೆತ್ತಿಗೆ. ಹಾಗಾಗಿ ಬಾಗಿಲಿಗೆ ಒತ್ತಿದ ಮಂಚದ ಮೇಲೇ ಕೂತೆವು. ಕತ್ತು ಮುರಿದ ಪರದೆ ನಿಲ್ಲುತ್ತಿರಲಿಲ್ಲ, ನಾನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ.

ಹನ್ನೊಂದೂವರೆಗೆ ಕೂಗಿದರು. ಸೊಸೆ ಹಾಜರು ಅಂದಳು. ಇನ್ನೊಂದು ಚೌಕದಲ್ಲಿ ನನ್ನ ಮಗ, ತಲೆ ಬಾಚಿಕೊಂಡು, ಫೋನಿನಲ್ಲಿ.

ನ್ಯಾಯಾಧೀಶರು ಕೇಳಿದರು: "ಪರದೆ ಹಿಡಿದಿರೋ ಕೈ ಯಾರದು? ಯಾರು ಹೇಳಿಕೊಡ್ತಿದ್ದಾರೆ?"

"ನಾನು ಸ್ವಾಮಿ. ಅವನ ತಾಯಿ."

ಮಗ ಬಾಯಿ ಹಾಕಿದ. "ಅಮ್ಮನಿಗೆ ಅರಳು ಮರಳು ಸಾರ್. ನಾನು ನನ್ನ ಮನೇಲಿದ್ದೀನಿ, ಆರು ತಿಂಗಳಿಂದ ಆ ಕಡೆ ತಲೆ ಹಾಕಿಲ್ಲ."

ಅವನ ಹಿಂದೆ ಗಿರಣಿಯ ನೀಲಿ ಬಾಗಿಲು ಕಾಣುತ್ತಿತ್ತು. ನಾನು ಹೇಳಿದೆ: "ಸ್ವಾಮಿ, ಅವನ ಹಿಂದೆ ಇರೋದು ನಮ್ಮ ಬೀದಿ ಗಿರಣಿ. ನಮ್ಮ ಬಾಗಿಲಿಂದ ಹನ್ನೆರಡನೇ ಮನೆ. ಒಂಬತ್ತಕ್ಕೆ ಹತ್ತು ನಿಮಿಷ ಇರೋವಾಗ ಇವಳ ಬೆರಳು ಮುರಿದ, ಮೂರು ಸಲ ಬಡಿದು. ನಾನು ಎಣಿಸಿದೀನಿ."

"ಹೆತ್ತವಳೇನೇ ನೀನು?" ಎಂದು ಅವನು ಅರಚಿದ. ಅವನ ಚೌಕದಲ್ಲಿ ಆಕಾಶ, ರಸ್ತೆ, ಚಪ್ಪಲಿ ಎಲ್ಲ ಕುಲುಕಾಡಿದವು. ಓಡಿ ಬರುತ್ತಿದ್ದ.

ಮೊದಲ ಒದೆತಕ್ಕೆ ಮಂಚ ಒಂದು ಗೇಣು ಸರಿಯಿತು. ನನ್ನ ಕೈಯಲ್ಲಿದ್ದ ಪರದೆ ಬಾಗಿತು.

"ಇಳಿಸ್ಬೇಡಿ ಅತ್ತೆ!" ಸೊಸೆ ಕೆಳಗಿಳಿದು ಎದುರಿನ ಗೋಡೆಗೆ ಕಾಲು ಕೊಟ್ಟು ಬೆನ್ನಿನಿಂದ ಮಂಚ ಒತ್ತಿದಳು. "ಅವರು ನೋಡ್ಲಿ!"

ಎತ್ತಿ ಹಿಡಿದೆ. ಬಾಗಿಲ ಹಲಗೆ ಸೀಳಿ ಸಂದಿಯಲ್ಲಿ ಅವನ ಕೈ ಬಂತು, ನನ್ನ ಕೂದಲು ಹಿಡಿಯಿತು. ಸೊಸೆ ಮಂಚ ಹತ್ತಿ ಆ ಕೈಯನ್ನು ಹಲ್ಲಿನಿಂದ ಕಚ್ಚಿದಳು, ರಕ್ತ ಬರುವ ತನಕ ಬಿಡಲಿಲ್ಲ. ನ್ಯಾಯಾಧೀಶರು ಎದ್ದು ನಿಂತು ಯಾರಿಗೋ ಪೊಲೀಸ್ ಪೊಲೀಸ್ ಅನ್ನುತ್ತಿದ್ದರು. ಪೊಲೀಸರು ಬರಲು ಹದಿನೇಳು ನಿಮಿಷವಾಯಿತು. ಅಷ್ಟು ಹೊತ್ತೂ ಅವನು ಒದೆಯುತ್ತಿದ್ದ, ಕೋರ್ಟು ನೋಡುತ್ತಿತ್ತು.

ಆದೇಶವನ್ನು ಕೇಸು ಮುಗಿಯುವ ತನಕ ಮುಂದುವರಿಸಿದರು. ಮಗು ತಾಯಿಯ ಹತ್ತಿರವೇ. ಅವನನ್ನು ಒಳಗೆ ಹಾಕಿದರು.

ನಾಲ್ಕು ತಿಂಗಳಾದ ಮೇಲೆ ಬಿಟ್ಟರು. ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಸೊಸೆ ಅಂಗಡಿಗೆ ಹೋಗುತ್ತಾಳೆ. ಕೂಸನ್ನು ಶಾಲೆಗೆ ಬಿಟ್ಟು ಕರೆತರುವುದು ನನ್ನ ಕೆಲಸ. ದಿನಾ ಬೇರೆ ಬೇರೆ ದಾರಿಯಲ್ಲಿ ಹೋಗುತ್ತೇವೆ. ಇಲ್ಲಿಯವರೆಗೆ ಐದು ದಾರಿ ಕಂಡುಕೊಂಡಿದ್ದೇನೆ.